ಸೀಟಿಲ್ಲದ ಇಪ್ಪತ್ತೆರಡು ಕಿಲೋಮೀಟರ್

ಅಪ್ಪ ಮೂವತ್ತೈದು ವರ್ಷ ಬಾಯ್ಲರ್ ಫಿಟ್ಟರ್ ಆಗಿದ್ದವನು. ಅವನು ಮುಚ್ಚಿದ ಬಾಟಲಿಯ ಮುಚ್ಚಳ ತೆಗೆಯಲು ಮನೆಯಲ್ಲಿ ಮತ್ತೆ ಅವನನ್ನೇ ಕರೆಯಬೇಕು. ಅಂಥವನನ್ನು ರಿಪೇರಿಗೆಂದು ಮರುಭೂಮಿಗೆ ಕರೆದುಕೊಂಡು ಹೋದರೆ ಏನಾಗುತ್ತೆ ಹೇಳಿ? ಆಗಬೇಕಾದ್ದೇ ಆಯಿತು.

ಬಂಡೆಗಳ ಕಣಿವೆಯೊಳಗೆ ನಾಲ್ಕು ದಿನ ಸೈಕಲ್ಲು, ರಾತ್ರಿ ಟೆಂಟು. ಅಪ್ಪ, ಮಗಳು, ಹಲ್ಲಿನ ಡಾಕ್ಟರಮ್ಮ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ, ಹೀಗೆ ಐದು ಜನರ ತಂಡ. ಮಗಳೇ ಮುಂದಾಳು, ಅದೂ ಮೊದಲ ಸಲ. ಸೈಕಲ್ ಅಂಗಡಿಯ ಯಜಮಾನ ಹೊರಡುವಾಗಲೇ ಕಡ್ಡಿ ಮುರಿದ ಹಾಗೆ ಹೇಳಿದ್ದ: "ನಾಲ್ಕನೇ ದಿನ ಕಣಿವೆಯ ಬಾಯಲ್ಲಿ ಜೀಪ್ ಇಟ್ಕೊಂಡು ಕಾಯ್ತೀನಿ. ಎಲ್ಲರೂ ಸೈಕಲ್ ಮೇಲೇ ಹೊರಗೆ ಬಂದ್ರೆ ಮುಂದಿನ ತಂಡಗಳೂ ನಿಂದೇ. ನಡುವೆ ಜೀಪ್ ಕರೆಸಿದ್ಯೋ, ಮತ್ತೆ ಟ್ಯೂಬಿಗೆ ತೇಪೆ ಹಾಕ್ಕೊಂಡು ಕೂತಿರು." ಅವನ ಅಂಗಡಿಯಲ್ಲಿ ಆರು ವರ್ಷ ತೇಪೆ ಹಾಕಿ ಅವಳಿಗೆ ಸಾಕುಸಾಕಾಗಿತ್ತು.

ಮೂರು ದಿನ ಎಲ್ಲ ಸುಸೂತ್ರ. ನಾಲ್ಕನೇ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಸೈಕಲ್ ಹತ್ತಿ ಕೂತರೋ ಇಲ್ಲವೋ, ಟಪ್ ಅಂತು. ಸೀಟೊಂದು ಕಡೆ, ಡಾಕ್ಟರಮ್ಮ ಒಂದು ಕಡೆ. ಸೀಟು ಹಿಡಿದಿದ್ದ ಬೋಲ್ಟಿನ ಕತ್ತು ಮುರಿದಿತ್ತು.

ಅಪ್ಪನ ಮುಖ ಬಿಳಿಚಿಕೊಂಡಿತು. "ನಿನ್ನೆ ಸಂಜೆ ಸ್ಪ್ಯಾನರ್ ತಗೊಂಡು ಎಲ್ಲರ ಸೀಟೂ ಒಂದ್ಸಲ ಬಿಗಿ ಮಾಡ್ದೆ ಕಣಮ್ಮಾ. ಭದ್ರವಾಗಿರ್ಲಿ ಅಂತ."

"ಭದ್ರ! ಇದೇನು ಬಾಯ್ಲರ್ರಾ ಅಪ್ಪಾ? ನನ್ನ ಕೇಳದೆ ಏನೂ ಮುಟ್ಟಬೇಡ ಅಂತ ಬಡ್ಕೊಂಡಿದ್ನಲ್ಲ!"

ಬೇರೆ ಬೋಲ್ಟು ಹಾಕೋಣವೆಂದರೆ ಅವನ ಪೆಟ್ಟಿಗೆಯಲ್ಲಿದ್ದವೆಲ್ಲ ಹೆಬ್ಬೆರಳು ಗಾತ್ರದವು. ಅವಳ ಸಿಟ್ಟು ನೆತ್ತಿಗೇರಿತು. ಹೊರಗೆ ಹೋಗಲು ಇನ್ನೂ ಇಪ್ಪತ್ತೆರಡು ಕಿಲೋಮೀಟರ್, ನೀರು ಸಂಜೆಯವರೆಗೆ ಮಾತ್ರ. ಜೀಪ್ ಕರೆಸಲು ಸ್ಯಾಟಲೈಟ್ ಫೋನಿನ ಕಡೆ ಕೈಯೂ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ತನ್ನ ಸೀಟನ್ನೇ ಕಂಬ ಸಮೇತ ಕಿತ್ತು ಡಾಕ್ಟರಮ್ಮನ ಸೈಕಲ್ಲಿಗೆ ಹಾಕಿದಳು. ಉಳಿದವರ ಬೋಲ್ಟು ಸಡಿಲಿಸಿ ಹದಕ್ಕೆ ತಂದಳು.

"ತಪ್ಪು ನಂದು. ನನ್ನ ಸೀಟು ತಗೋ," ಎಂದ ಅಪ್ಪ.

"ಆ ನೋಯೋ ಮಂಡಿ ಇಟ್ಕೊಂಡು ನಿಂತು ತುಳೀತೀಯಾ? ಸುಮ್ನೆ ಹತ್ತು."

ನಿಂತೇ ಹೊರಟಳು. ಆರನೇ ಕಿಲೋಮೀಟರಿಗೆ ತೊಡೆಗೆ ಬೆಂಕಿ ಬಿತ್ತು. ಹತ್ತರಲ್ಲಿ ಮರೆತು ಕೂರಲು ಹೋಗಿ, ಅಯ್ಯಯ್ಯಪ್ಪಾ, ಆ ನೋವನ್ನು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಬ್ಯಾಂಕಿನ ಗಂಡ ಹೆಂಡತಿ ಇಬ್ಬರೂ ನಗು ನುಂಗಿಕೊಂಡರು. ಡಾಕ್ಟರಮ್ಮನಿಗೆ ಮಾತ್ರ ಅವಳ ಪಾಡು ನೋಡಲಾಗಲಿಲ್ಲ.

"ಸಾಕಮ್ಮಾ, ಫೋನ್ ಮಾಡು."

"ನಾನು ಎಚ್ಚರ ತಪ್ಪಿ ಬಿದ್ರೆ ನೀವೇ ಮಾಡಿ ಡಾಕ್ಟ್ರೇ. ಅಲ್ಲೀವರೆಗೆ ನಡೀರಿ."

ಕೊನೆಯ ಏರಿನಲ್ಲಿ ಕಾಲು ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು. ಆ ತಿರುವಿನ ತನಕ, ಈ ಕಲ್ಲಿನ ತನಕ ಎಂದು ತನ್ನನ್ನೇ ಪುಸಲಾಯಿಸಿಕೊಂಡು ತುಳಿದಳು. ಹಿಂದೆ ಅಪ್ಪ ಮೂಗೆಳೆಯುವುದು ಕೇಳಿಸುತ್ತಿತ್ತು. ಅಳುತ್ತಿದ್ದಾನೆಂದು ಗೊತ್ತಿತ್ತು. ನೋಡಿದರೆ ತನಗೂ ಅಳು ಬರುತ್ತದೆಂದು ಅವಳು ತಿರುಗಲಿಲ್ಲ.

ಜೀಪಿನ ಪಕ್ಕ ನಿಂತಿದ್ದ ಯಜಮಾನ ತಲೆ ಎಣಿಸಿದ. ಐದಕ್ಕೆ ಐದೂ ಸೈಕಲ್ ಮೇಲೆ. ಆಮೇಲೆ ಕಣ್ಣು ಅವಳ ಸೈಕಲ್ಲಿಗೆ ಬಿತ್ತು.

"ಸೀಟೆಲ್ಲಿ?"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಒಪ್ಪಿಕೊಂಡ. "ನಾನು ಬಿಗಿ ಮಾಡಿ ಡಾಕ್ಟ್ರ ಸೀಟು ಮುರಿದೆ ಸ್ವಾಮಿ. ಇವಳು ತನ್ನದು ಕೊಟ್ಲು."

ಯಜಮಾನ ಬಗ್ಗಿ ಸೀಟಿಲ್ಲದ ಕೊಳವೆಯ ಬಾಯಿಗೆ ಬೆರಳು ಹಾಕಿ ನೋಡಿದ. "ಮುಂದಿನ ತಂಡ ನಿಂದೇ ಕಣಮ್ಮಾ. ಆದ್ರೆ ನಿಮ್ಮಪ್ಪನ್ನ ಮನೇಲಿ ಬಿಟ್ಟು ಬಾ."

ಅಪ್ಪ ತಲೆ ತಗ್ಗಿಸಿದ. ಅವಳು ಜೀಪಿನ ಬಾಗಿಲು ಹಿಡಿದು ನಿಂತಿದ್ದಳು.

"ಅಪ್ಪ ಬರದಿದ್ರೆ ನಾನೂ ಬರಲ್ಲ," ಎಂದಳು. "ಸ್ಪ್ಯಾನರ್ ಮಾತ್ರ ನನ್ನ ಹತ್ರ ಇರತ್ತೆ."

ಅಪ್ಪ ಜೇಬಿಗೆ ಕೈ ಹಾಕಿ ಸ್ಪ್ಯಾನರ್ ತೆಗೆದ, ಅಂಗಿಯ ತುದಿಯಿಂದ ಮರಳು ಒರೆಸಿ ಅವಳ ಕೈಗೆ ಕೊಟ್ಟ.