ಅಪ್ಪನ ಒಲೆ ಆರಿದ್ದು

ನಮ್ಮ ಅಪ್ಪನ ಬೇಕರಿಯಲ್ಲಿ ಒಂದು ಕಟ್ಟುಪಾಡಿತ್ತು. ಬೆಳಗ್ಗೆ ಒಲೆಯಿಂದ ಇಳಿದ ಮೊದಲ ಬನ್ನನ್ನು ಅಪ್ಪ ಗಿರಾಕಿಗಳ ಎದುರಿಗೇ ಮುರಿದು, ನಿಂತುಕೊಂಡೇ ತಿನ್ನಬೇಕು. ವ್ಯಾಪಾರ ಏನಿದ್ದರೂ ಆಮೇಲೆ. "ನಾನು ತಿನ್ನದೇ ಇರೋದನ್ನ ನಾನು ಮಾರಲ್ಲ" ಎನ್ನುತ್ತಿದ್ದರು. ಜ್ವರ ಬಂದು ಬಾಯಿ ಕಹಿಯಾದ ದಿನವೂ ಒಂದು ಚೂರು ನುಂಗಿದ್ದರು. ಅವರ ಕೈಯಲ್ಲಿ ಉಳಿದ ಅರ್ಧಕ್ಕಾಗಿ ನಾನೂ ನನ್ನ ತಮ್ಮನೂ ಹಿಟ್ಟಿನ ಮೂಟೆ ಹತ್ತಿ ಕಾದಾಡುತ್ತಿದ್ದೆವು. ಗೆಲ್ಲುತ್ತಿದ್ದವನು ಅವನೇ, ಅವನಿಗೆ ಗುಂಡ ಎಂಬ ಹೆಸರು ಅಂಟಿಕೊಂಡದ್ದು ಸುಮ್ಮನೆ ಅಲ್ಲ. ಆ ಹಬೆ ಮೂಗಿಗೆ ಬಡಿದರೆ ಸಾಕು, ಲೆಕ್ಕದ ಮೇಷ್ಟ್ರ ಬೆತ್ತವೂ ಮರೆತುಹೋಗುತ್ತಿತ್ತು. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ಅಪ್ಪ ಹೋದ ಮೇಲೆ ಬೇಕರಿಯ ಜೊತೆಗೆ ಕಟ್ಟುಪಾಡೂ ಗುಂಡನದಾಯಿತು. ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದ ನಾನು ಹಾಲು ತರುವ ನೆಪದಲ್ಲಿ ಹೋಗಿ, ಅವನು ಬನ್ನು ಮುರಿಯುವುದನ್ನು ನೋಡಿ ಬರುತ್ತಿದ್ದೆ. ಹಿಂದಿನಿಂದ ನೋಡಿದರೆ ಥೇಟ್ ಅಪ್ಪನೇ.

ಅಷ್ಟರಲ್ಲಿ ಅವನ ಹೊಟ್ಟೆ ಕೆಟ್ಟಿತು. ಉರಿ, ಉಬ್ಬರ, ನೋವು. ಡಾಕ್ಟರ ಹತ್ತಿರ ಹೋಗೋ ಎಂದರೆ ಪುರುಸೊತ್ತಿಲ್ಲ ಎಂದ. ಅವನ ಹೆಂಡತಿ ಫೋನಿನಲ್ಲಿ ಜಾಹೀರಾತು ನೋಡಿ, ಬೆರಳು ಚುಚ್ಚಿ ರಕ್ತ ಕಳಿಸುವ ಡಬ್ಬಿ ತರಿಸಿದಳು. ಯಾವ ಆಹಾರ ಮೈಗೆ ಒಗ್ಗುವುದಿಲ್ಲ ಎಂದು ಆ ರಕ್ತವೇ ಹೇಳುತ್ತದಂತೆ. ಬಂದ ವರದಿಯಲ್ಲಿ ಗೋಧಿ, ಈಸ್ಟ್, ಹಾಲು, ಮೊಟ್ಟೆ, ಎಳ್ಳು ಎಲ್ಲ ಕೆಂಪು. ಅವನು ಜನ್ಮದಲ್ಲಿ ಮೂಸಿಯೂ ನೋಡದ ಏಡಿ, ಅಣಬೆ ಹಸಿರು.

"ಇದು ನಿನ್ನ ಬೇಕರಿ ಸಾಮಾನಿನ ಚೀಟಿ ಕಣೋ" ಎಂದು ನಾನು ನಕ್ಕೆ. ಗುಂಡ ನಗಲಿಲ್ಲ.

ಬನ್ನು ಬಿಟ್ಟ ಮೊದಲ ವಾರ ಸ್ವಲ್ಪ ಹಗುರ ಅನ್ನಿಸಿತಂತೆ. ಅಷ್ಟು ಸಾಕಾಯಿತು, ವರದಿ ವೇದವಾಕ್ಯವಾಯಿತು. ನೋವು ಮರಳಿ ಬಂದರೂ ಅವನು ಅದನ್ನೇ ನಂಬಿದ. ಒಂದು ಬೆಳಗ್ಗೆ ನೋಡಿದರೆ ಬೇಕರಿಗೆ ಬೀಗ.

"ನಾನೇ ತಿನ್ನೋ ಹಾಗಿಲ್ಲ ಅಂದ್ಮೇಲೆ ಜನಕ್ಕೆ ಹೇಗಕ್ಕಾ ಮಾರ್ಲಿ?" ಎಂದ.

"ಕೆಲಸದವನು ತಿಂದು ನೋಡ್ಲಿ. ಅದಕ್ಕೇನು ಬಂತು ಧಾಡಿ?"

"ಅವನೇನು ಅಪ್ಪನ ಮಗನಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಬೈದೆ, ಅತ್ತೆ, ಮಾತು ಬಿಟ್ಟೆ. ಅಪ್ಪನ ಮಾತಿಗೆ ಅಂಟಿಕೊಂಡವನು ಅಪ್ಪನ ಬೇಕರಿಯನ್ನೇ ಕೈಬಿಟ್ಟ. ಜಾಗ ಕನ್ನಡಕದ ಅಂಗಡಿಯವರ ಪಾಲಾಯಿತು. ಒಲೆ ಒಡೆಯುವ ದಿನ ಮನಸ್ಸು ತಡೆಯದೆ ಹೋದೆ. ಅಪ್ಪ ಕೈಯಾರೆ ಕಟ್ಟಿದ ಇಟ್ಟಿಗೆಗಳು ಒಂದೊಂದಾಗಿ ಗಾಡಿಗೆ ಬೀಳುತ್ತಿದ್ದವು.

ಗುಂಡ ಸೊರಗಿ ಕಡ್ಡಿಯಾದ. ಕೊನೆಗೆ ಹಠ ನನಗಾದರೂ ಯಾಕೆ ಎಂದುಕೊಂಡು, ರಟ್ಟೆ ಹಿಡಿದು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಅವರು ವರದಿಯನ್ನು ಪಕ್ಕಕ್ಕಿಟ್ಟರು.

"ಬೇರೆ ಮಾತ್ರೆ ಏನಾದ್ರೂ ತಗೋತೀರಾ?"

"ಭುಜದ ನೋವಿಗೆ ಒಂದು. ಟ್ರೇ ಎತ್ತಿ ಎತ್ತಿ ಹಿಡ್ಕೊಂಡಿತ್ತು. ಎದ್ದ ತಕ್ಷಣ ನುಂಗಿಬಿಡ್ತೀನಿ."

"ಖಾಲಿ ಹೊಟ್ಟೇಲಿ? ದಿನಾನೂ?"

"ಮೊದಲ ಬನ್ನಿಗೆ ಮುಂಚೆ ಬೇರೆ ಏನೂ ತಿನ್ನೋ ಪದ್ಧತಿ ಇಲ್ವಲ್ಲ. ಅದೇ ಅಭ್ಯಾಸ ಉಳ್ಕೊಂಡಿದೆ."

ಬಾಯಿಂದ ಕೊಳವೆ ಇಳಿಸಿ ನೋಡಿದಾಗ ಹೊಟ್ಟೆಯಲ್ಲಿ ಹುಣ್ಣಿತ್ತು, ಖಾಲಿ ಹೊಟ್ಟೆಗೆ ನುಂಗಿದ ಮಾತ್ರೆಯದೇ ಕೆಲಸ. ಆ ಮಾತ್ರೆ ನಿಂತಿತು, ಬೇರೆ ಔಷಧಿಗೆ ನೋವೂ ನಿಂತಿತು. ಮತ್ತೆ ತೋರಿಸಲು ಹೋದಾಗ ಗುಂಡ ಹೆದರುತ್ತಲೇ ಗೋಧಿಯ ಮಾತೆತ್ತಿದ.

"ದಿನಾ ತಿನ್ನೋದರ ಗುರುತು ರಕ್ತದಲ್ಲಿ ಇದ್ದೇ ಇರುತ್ತೆ" ಎಂದರು ಡಾಕ್ಟರಮ್ಮ. "ಅದು ನಿಮಗೆ ಒಗ್ಗಲ್ಲ ಅಂತ ಅರ್ಥ ಅಲ್ಲ. ಆ ಪರೀಕ್ಷೆ ನಂಬಿ ಏನೂ ಬಿಡಬೇಡಿ. ಧಾರಾಳವಾಗಿ ಬ್ರೆಡ್ ತಿನ್ನಿ."

ಬನ್ನಿನ ರುಚಿ ನೋಡುತ್ತಲೇ ಮುದುಕನಾಗಬೇಕಿದ್ದ ನನ್ನ ತಮ್ಮ.

ಹೊರಗೆ ಬಂದರೆ ಎದುರು ಬೀದಿಯಲ್ಲಿ ಯಾರದೋ ಬೇಕರಿ. ಒಂದು ಬನ್ನು ಕೊಂಡು ಅವನ ಕೈಗಿಟ್ಟೆ. ನಿಂತುಕೊಂಡೇ ಮುರಿದ, ಕಣ್ಣು ಮುಚ್ಚಿ ಅಗಿದ, ಆಮೇಲೆ ನೆಟ್ಟಗೆ ಗಲ್ಲಾ ಹತ್ತಿರ ಹೋದ.

"ಉಪ್ಪು ಒಂದು ಚಿಟಿಕೆ ಕಡಿಮೆ ಆಗಿದೆ ಕಣಪ್ಪಾ."

ಅಂಗಡಿಯವನು ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು ಹೌದೆಂದು ತಲೆಯಾಡಿಸಿದ. "ನಿಮ್ದೂ ಬೇಕರಿನಾ ಯಜಮಾನ್ರೇ?"

"ಇಲ್ಲಪ್ಪ" ಎಂದ ಗುಂಡ. "ನಾನು ಬರೀ ತಿನ್ನೋನು."