ಒಳಬಾಗಿಲಿನ ಹಾಡು

“ನಿಮ್ಮ ಹಾಡನ್ನ ಯಾರು ಕೇಳಿದ್ರೂ ನಿಮಗೆ ಸುದ್ದಿ ಮುಟ್ಟಿಸ್ತೀನಿ, ಖಾಲ್ತಿ” ಎಂದು ದುರ್ರಾ ಮಾತು ಕೊಟ್ಟಿದ್ದಳು. ಆಗ ಅವಳಿನ್ನೂ ಕಾಲೇಜು ಮುಗಿಸಿರಲಿಲ್ಲ. ಯಾರಿಂದಲೋ ಎರವಲು ತಂದ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಕೆರ್ಕೆನ್ನಾ ದ್ವೀಪದ ಮನೆಮನೆ ತಿರುಗುತ್ತ, ಮದುವೆಗಳಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಹಾಡಿಕೊಳ್ಳುವ ಹಾಡುಗಳನ್ನು ಕೂಡಿಸುತ್ತಿದ್ದಳು. ಶಾದ್ಲಿಯಾ ಅವಳಿಗೆ ಚಿಕ್ಕಮ್ಮನೂ ಅಲ್ಲ, ದೂರದ ನೆಂಟಳೂ ಅಲ್ಲ. ಆದರೆ ಆ ದ್ವೀಪದಲ್ಲಿ ತಾಯಿಯ ವಯಸ್ಸಿನವರೆಲ್ಲ ಖಾಲ್ತಿಯರೇ, ಚಿಕ್ಕಮ್ಮಂದಿರೇ.

ಶಾದ್ಲಿಯಾ ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡವಳು, ಮಕ್ಕಳಿಲ್ಲದವಳು. ರೆಕಾರ್ಡರನ್ನು ನೋಡಿ, “ನನ್ನ ದನಿ ಈ ಅಂಗಳದ ಗೋಡೆ ದಾಟಿದ್ದಿಲ್ಲ. ದಾಟಿಸ್ತೀಯಾದ್ರೆ ಎಲ್ಲಿಗೆ ಹೋಯ್ತು ಅಂತ ನನಗೆ ಗೊತ್ತಾಗಬೇಕು. ಮೇಕೆ ತಪ್ಪಿಸಿಕೊಂಡ್ರೇ ಊರೆಲ್ಲ ಹುಡುಕ್ತೀವಿ, ಇದು ದನಿ” ಎಂದಿದ್ದಳು. ದುರ್ರಾ ಮಾತು ಕೊಟ್ಟ ಮೇಲೆಯೇ ಅವಳು ಗೋಡೆಯ ಕಡೆಗೆ ಮುಖ ಮಾಡಿ ಕೂತು ಹಾಡಿದ್ದು. ಮದುಮಗಳ ಕೈಗೆ ಮದರಂಗಿ ಹಚ್ಚುವಾಗಿನ ಹಾಡು. ಮುಗಿಯುವ ಹೊತ್ತಿಗೆ ಅಂಗಳದ ನೆರಳು ಅವಳ ಮಂಡಿಯವರೆಗೆ ಬಂದಿತ್ತು.

ಅನೇಕ ವರ್ಷಗಳ ಮೇಲೆ ದುರ್ರಾ ದ್ವೀಪದ ಎದುರು ದಡದ ಸ್ಫಾಕ್ಸ್ ನಗರದಲ್ಲಿ ಪ್ರೋಗ್ರಾಂ ಬರೆಯುವವಳಾದಳು. ಕಂಪನಿಯವರು ದೊಡ್ಡ ಮನಸ್ಸು ಮಾಡಿ, ಹಾಡುಗಳಿಗೆಂದು ತಮ್ಮ ಕಂಪ್ಯೂಟರಿನ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ದುರ್ರಾ ಅದಕ್ಕೆ ಹಾಡಿನ ಮನೆ ಎಂದು ಹೆಸರಿಟ್ಟಳು. ಯಾರು ಯಾವ ಊರಿನಿಂದ ಹಾಡು ಕೇಳಿದರೂ ಹಾಡಿದವಳಿಗೆ ತಾನಾಗಿ ಒಂದು ಫೋನು ಹೋಗುತ್ತಿತ್ತು. ಎತ್ತಿದರೆ ಒಂದೇ ಮಾತು: “ನಿಮ್ಮ ದನಿ ಈಗ ಲಿಯೋನ್ ಪಟ್ಟಣದಲ್ಲಿದೆ.” ಅಷ್ಟೇ. ಕೆಲವು ಹೆಂಗಸರು ಆ ಮಾತನ್ನು ಕೇಳಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತುಬಿಡುತ್ತಿದ್ದರಂತೆ, ತಾವೇ ಎಲ್ಲಿಗೋ ಹೋಗಿ ಬಂದವರ ಹಾಗೆ.

ಶಾದ್ಲಿಯಾಗೆ ಮಾತ್ರ ಒಂದು ಸಲವೂ ಫೋನು ಬರಲಿಲ್ಲ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು. “ಬಿಂತಿ, ನನ್ನ ದನಿ ನನಗೆ ವಾಪಸ್ಸು ಕೊಡು.”

ಬಿಂತಿ ಎಂದರೆ ಮಗಳೇ. ಶಾದ್ಲಿಯಾ ಸಿಟ್ಟಿನಲ್ಲಿದ್ದಾಗಲೂ ಆ ಮಾತನ್ನು ಬಿಡುತ್ತಿರಲಿಲ್ಲ.

“ಯಾಕೆ ಖಾಲ್ತಿ, ಏನಾಯ್ತು?”

“ಏನೂ ಆಗಿಲ್ಲ, ಅದಕ್ಕೇ. ಪಕ್ಕದ ಮನೆ ಜಾಜಿಯಾ ದಿನಾ ಗೋಡೆ ಮೇಲಿಂದ ಕತ್ತು ಹಾಕ್ತಾಳೆ. ಮೊನ್ನೆ ಅವಳ ದನಿ ಮಾರ್ಸೇಗೆ ಹೋಗಿತ್ತಂತೆ, ನಿನ್ನೆ ಪಲೆರ್ಮೋಗೆ. ಅವಳು ಹಾಡಿದ್ರೆ ಕತ್ತೆ ಕೂಡ ನಾಚಿಕೊಳ್ಳುತ್ತೆ, ನಿನಗೂ ಗೊತ್ತು. ನಿನ್ನೆ ಕೇಳ್ತಾಳೆ, ‘ಶಾದ್ಲಿಯಾ, ನಿನ್ನದು ಇನ್ನೂ ಹಡಗು ಹತ್ತಲಿಲ್ವಾ?’ ಅಂತ.”

“ಅವಳಿಗೆ ಮಕ್ಕಳು, ಮೊಮ್ಮಕ್ಕಳು, ಊರೂರಲ್ಲಿ ನೆಂಟರು. ಅವಳ ಹೆಸರು ಹುಡುಕಿ ಕೇಳ್ತಾರೆ ಖಾಲ್ತಿ.”

“ನನಗೆ ಯಾರೂ ಇಲ್ಲ ಅಂತ ನನಗೆ ನೀನು ಹೇಳಬೇಕಾ? ಯಾರೂ ಕೇಳದ ಹಾಡು ಪರರ ಪೆಟ್ಟಿಗೆಯಲ್ಲಿ ಯಾಕೆ ಕೊಳೀಬೇಕು? ಅಳಿಸಿಬಿಡು. ನಾನು ಹೋಗುವಾಗ ನನ್ನ ಜೊತೇಲೇ ಹೋಗಲಿ.”

ಹಾಡಿದವಳು ಬೇಡವೆಂದರೆ ಹಾಡು ಇರಕೂಡದು. ಆ ಕಟ್ಟಳೆಯನ್ನು ಹಾಕಿದವಳೂ ದುರ್ರಾಳೇ. ಮಾಸ್ಟರ್ ಪ್ರತಿ ಬೇರೆಲ್ಲೂ ಇಲ್ಲ, ಅಳಿಸಿದರೆ ಮುಗಿಯಿತು. “ನಾಳೆ ಬೆಳಗಾಗೋವರೆಗೆ ಕೊಡಿ, ಖಾಲ್ತಿ. ನಾನೇ ಬರ್ತೀನಿ” ಎಂದಳು. ಶಾದ್ಲಿಯಾ ಫೋನಿಟ್ಟಳು.

ಬೇಸಿಗೆಯಲ್ಲಿ ಅಲ್ಲಿ ಕಚೇರಿಗಳೆಲ್ಲ ಒಂದೇ ಹೊತ್ತು. ಮಧ್ಯಾಹ್ನ ಆಗುತ್ತಿದ್ದಂತೆ ಎಲ್ಲರೂ ಮನೆಗೋ ಸಮುದ್ರಕ್ಕೋ ಹೋಗಿಬಿಡುತ್ತಾರೆ. ದುರ್ರಾ ಹೋಗಲಿಲ್ಲ. ಮನೆಗೆ ಹೋದರೆ ಇಬ್ಬರು ಮಕ್ಕಳು, ಒಂದು ರಾಶಿ ಬಟ್ಟೆ, ನಿದ್ದೆ ಮಾಡಲು ಬಿಡದ ಸೆಕೆ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿದ್ದ ಅತ್ತೆಗೆ ಹೇಳಿದಳು. ಖಾಲಿ ಕಚೇರಿಯಲ್ಲಿ ಶಾದ್ಲಿಯಾಳ ಹಾಡಿನ ಲೆಕ್ಕವನ್ನು ತೆಗೆದು ನೋಡಿದಳು. ಸೊನ್ನೆ. ಮಿಕ್ಕ ಹಾಡುಗಳಿಗೆಲ್ಲ ಅಷ್ಟೋ ಇಷ್ಟೋ ಇತ್ತು. ಇದೊಂದಕ್ಕೆ ಸೊನ್ನೆ.

ನೋಡುತ್ತ ನೋಡುತ್ತ ಕಣ್ಣು ಎಳೆಯಿತು. ಮರುಭೂಮಿಯ ಬಿಸಿಗಾಳಿ ಕಿಟಕಿಯ ಪರದೆಯನ್ನು ಒಮ್ಮೆ ಒಳಗೆ ತುಂಬುತ್ತ ಒಮ್ಮೆ ಹೊರಗೆ ಎಳೆಯುತ್ತ ಇತ್ತು, ಯಾರೋ ನಿಧಾನ ಉಸಿರಾಡುತ್ತಿರುವ ಹಾಗೆ. ಅರೆನಿದ್ದೆಯಲ್ಲಿ ದುರ್ರಾಗೆ ತನ್ನ ಅಪ್ಪ ಕಂಡ. ಮೊಣಕಾಲುದ್ದ ನೀರಿನಲ್ಲಿ, ಖರ್ಜೂರದ ಗರಿಗಳನ್ನು ಸಾಲಾಗಿ ನೆಟ್ಟು ಕಟ್ಟಿದ ಮೀನಿನ ಬೇಲಿಯ ಬಾಯಲ್ಲಿ ನಿಂತಿದ್ದಾನೆ. ಒಳಗೆ ಬರುವ ಮೀನುಗಳನ್ನೆಲ್ಲ ಮುಟ್ಟಿ ಮುಟ್ಟಿ ಎಣಿಸಿ ಬಿಡುತ್ತಿದ್ದಾನೆ. ಅವನ ಬೆನ್ನ ಹಿಂದೆ, ಬೇಲಿಯ ಒಳಗೇ ಹುಟ್ಟಿದ ಸಣ್ಣ ಮೀನುಗಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬೆಳ್ಳಗೆ ಹೊರಳಿ ಹೋಗುತ್ತಿವೆ. ಅಪ್ಪನಿಗೆ ಅವು ಕಾಣುತ್ತಿಲ್ಲ. ನೀರಿನ ಮೇಲೆ ಎಲ್ಲಿಂದಲೋ ಶಾದ್ಲಿಯಾ ಹಾಡುತ್ತಿದ್ದಾಳೆ.

ಎಚ್ಚರಾದ ಮೇಲೂ ಹಾಡು ನಿಲ್ಲಲಿಲ್ಲ.

ದುರ್ರಾ ಕಿಟಕಿಗೆ ಹೋದಳು. ಕೆಳಗಿನ ಕೆಫೆಯ ಮಾಣಿ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುತ್ತ ಫೋನಿನಲ್ಲಿ ಹಾಡು ಹಾಕಿಕೊಂಡಿದ್ದ.

“ಅದು ಎಲ್ಲಿ ಸಿಕ್ತು ನಿನಗೆ?” ಎಂದು ಮೇಲಿನಿಂದಲೇ ಕೂಗಿದಳು.

“ನಿಮ್ಮದೇ ಅಲ್ವಾ ಲಲ್ಲಾ, ಅಮ್ಮಾವ್ರೇ? ‘ಇಂದಿನ ಹಾಡು’. ದಿನಾ ಇದೇ ಬರುತ್ತೆ. ಬೇರೆ ಯಾವುದೂ ಇಲ್ವಾ ನಿಮ್ಮ ಹತ್ರ? ಹಂಗಂತ ಬೇಜಾರೇನಿಲ್ಲ. ನಮ್ಮಣ್ಣ ಮಾರ್ಸೇಯಲ್ಲಿ ಬೇಕರಿ ಒಲೆ ಹಚ್ಚೋವಾಗ ಇದನ್ನೇ ಹಾಕ್ತಾನೆ.”

ದುರ್ರಾ ಓಡಿಬಂದು ಲೆಕ್ಕ ನೋಡಿದಳು. ಸೊನ್ನೆ. ಕೆಳಗೆ ಹಾಡು ಇನ್ನೂ ಮುಗಿದಿರಲಿಲ್ಲ.

ಆಗ ಅವಳಿಗೆ ಅಪ್ಪನ ಬೆನ್ನ ಹಿಂದಿನ ಮೀನುಗಳು ಅರ್ಥವಾದವು.

ಹಾಡು ಕೇಳಿಸುವುದು ಒಂದು ಕೆಲಸ, ಸುದ್ದಿ ಮುಟ್ಟಿಸುವುದು ಇನ್ನೊಂದು. ಎರಡನ್ನೂ ಒಂದರಲ್ಲೊಂದು ಕಲಸಬಾರದೆಂದು ಅವಳು ಹಾಡಿನ ಮನೆಯ ಬಾಗಿಲಲ್ಲಿ ಒಂದು ಪ್ರಾಕ್ಸಿಯನ್ನು ನಿಲ್ಲಿಸಿದ್ದಳು, ಕಾವಲುಗಾರನ ಹಾಗೆ. ಹೊರಗಿನಿಂದ ಯಾರು ಬಂದು ಹಾಡು ಕೇಳಿಸು ಎಂದರೂ ಅವನನ್ನು ದಾಟಿಯೇ ಹೋಗಬೇಕು. ಅವನು ಲೆಕ್ಕ ಬರೆದು, ಫೋನು ಮಾಡಿ, ಒಳಗೆ ಬಿಡುತ್ತಾನೆ. ಆದರೆ ದಿನಕ್ಕೊಂದು ಹಾಡನ್ನು ತಾನೇ ಆರಿಸಿ ಕೇಳಿಸಲೆಂದು ಕಳೆದ ಚಳಿಗಾಲದಲ್ಲಿ ಸೇರಿಸಿದ ‘ಇಂದಿನ ಹಾಡು’ ಮನೆಯ ಒಳಗೇ ಇತ್ತು. ಅದು ಪಕ್ಕದ ಕೋಣೆಗೆ ಹೋಗಿ ಹಾಡನ್ನು ಎತ್ತಿಕೊಂಡು ಬರುತ್ತಿತ್ತು. ಬಾಗಿಲಲ್ಲಿ ನಿಂತವನಿಗೆ ಅದು ಹೇಗೆ ತಿಳಿಯಬೇಕು? ಇನ್ನೊಂದು ಸಂಗತಿ ನೆನಪಾಗಿ ಅವಳಿಗೆ ನಗುವೂ ಬಂತು, ಅಳುವೂ ಬಂತು. ಯಾರೂ ಕೇಳದ ಹಾಡಿಗೆ ಮೊದಲ ಅವಕಾಶ ಸಿಗಲೆಂದು ‘ಇಂದಿನ ಹಾಡು’ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗಿರುವ ಹಾಡನ್ನೇ ಆರಿಸುವಂತೆ ಹೇಳಿದವಳು ಅವಳೇ. ಲೆಕ್ಕ ಏರದ್ದರಿಂದ ಶಾದ್ಲಿಯಾಳ ಹಾಡೇ ಮತ್ತೆ ಮತ್ತೆ ಬಂದಿತ್ತು. ಯಾರೂ ಕೇಳಲಿಲ್ಲವೆಂದು ಆ ಮುದುಕಿ ಕೊರಗುತ್ತಿದ್ದ ಹಾಡನ್ನೇ ಜನ ಎಲ್ಲಕ್ಕಿಂತ ಹೆಚ್ಚು ಕೇಳಿದ್ದರು.

ಜೊತೆಯಲ್ಲಿ ಕೆಲಸ ಮಾಡುವ ನೌಫಲ್ ಮರೆತುಹೋದ ಈಜುಬಟ್ಟೆಯನ್ನು ತೆಗೆದುಕೊಳ್ಳಲು ಬಂದವನು ಅವಳ ಮುಖ ನೋಡಿ ನಿಂತ. “ಏನ್ ಲಲ್ಲಾ ದುರ್ರಾ, ದೆವ್ವ ನೋಡಿದೋರ ಹಾಗೆ ಕೂತಿದೀಯ? ಸಮುದ್ರ ಕಾಯ್ತಾ ಇದೆ.”

ಅವಳು ಎಲ್ಲವನ್ನೂ ಹೇಳಿದಳು. ಅವನು ಮೇಜಿನ ಅಂಚಿಗೆ ಒರಗಿ ಕೇಳಿದ.

“ಅಷ್ಟೇ ತಾನೇ? ಕಾವಲುಗಾರನನ್ನ ಬದಲಾಯಿಸು. ಈಗಿರೋನು ಕೂಲಿಯವನು, ಕೈಯಲ್ಲಿರೋ ಪಟ್ಟಿ ಬಿಟ್ಟು ಬೇರೇನೂ ಗೊತ್ತಿಲ್ಲ. ಅವನ ಬದಲು ಮಗಳನ್ನ ಕೂರಿಸು. ಇನ್ನೊಂದು ಥರದ ಪ್ರಾಕ್ಸಿ ಇದೆಯಲ್ಲ, ತಾಯಿಯ, ಅಂದ್ರೆ ಒಳಗೆ ಕೆಲಸ ಮಾಡೋ ಪ್ರೋಗ್ರಾಮಿನ ಮುಖವೇ ಹೊತ್ತುಕೊಂಡು ಹುಟ್ಟುತ್ತಲ್ಲ, ಅದು. ತಾಯಿಗೆ ಗೊತ್ತಿರೋ ಕೆಲಸ ಎಲ್ಲಾ ಅವಳಿಗೂ ಗೊತ್ತು.”

“ನಮ್ಮಲ್ಲಿ ಆ ಮಗಳು ಕೂರೋದೂ ಮುಂಬಾಗಿಲಲ್ಲೇ ನೌಫಲ್. ಕೆಲಸ ಬಂದ್ರೆ ಒಳಗಿರೋ ತಾಯಿಗೆ ದಾಟಿಸ್ತಾಳೆ. ತಾಯಿ ಒಳಗೆ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡ್ರೆ?”

ಅವನು ತಲೆ ಕೆರೆದುಕೊಂಡ. “ಮಗಳಿಗೆ ಕೇಳಿಸಲ್ಲ. ಸರಿ, ಹಾಗಾದ್ರೆ ಇಂದಿನ ಹಾಡನ್ನ ಮನೆಯಿಂದ ಆಚೆ ಹಾಕು. ಹೊರಗೊಂದು ಗುಡಿಸಲು ಕಟ್ಟಿಕೊಡು. ಹಾಡು ಬೇಕಾದ್ರೆ ಅದೂ ಎಲ್ಲರ ಹಾಗೆ ಬಾಗಿಲು ತಟ್ಟಲಿ. ಎಲ್ಲರೂ ಮಾಡೋದು ಅದನ್ನೇ. ನಾನು ಈಜಿ ಬರೋದರೊಳಗೆ ಮುಗಿಯುತ್ತೆ.”

ಒಳ್ಳೆಯ ಸಲಹೆಯೇ. ಆದರೂ ದುರ್ರಾ ಒಪ್ಪಲಿಲ್ಲ. “ಇವತ್ತಿಗೆ ಸರಿ. ನಾಳೆ ನೀನು ಇನ್ನೊಂದು ಒಳದಾರಿ ತೆಗೀತೀಯ.”

“ನಾನ್ಯಾಕೆ ತೆಗೀಲಿ?”

“ಈ ಒಳದಾರಿ ತೆಗೆದಿದ್ದು ಯಾರು?”

ನೌಫಲ್ ಈಜುಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಅದು ಚಳಿಗಾಲದಲ್ಲಿ. ಚಳಿಗಾಲದ ನೌಫಲ್‌ಗೂ ನನಗೂ ಮಾತುಕತೆ ಇಲ್ಲ.”

“ನಾನು ಬಾಗಿಲಿಂದ ಬಂದೋರು ಅಂತ ಮಾತು ಕೊಟ್ಟಿರಲಿಲ್ಲ. ಯಾರು ಕೇಳಿದ್ರೂ ಅಂತ ಕೊಟ್ಟಿದ್ದೆ. ಕಾವಲುಗಾರನೂ ಬೇಡ, ಮಗಳೂ ಬೇಡ. ಸುದ್ದಿ ಮುಟ್ಟಿಸೋದನ್ನ ಪ್ರೋಗ್ರಾಂ ಒಳಗೇ ನೇಯ್ದುಬಿಡ್ತೀನಿ.”

“ಅಯ್ಯೋ, ನೇಯೋದು ಬೇಡ!” ಎಂದ ನೌಫಲ್ ನಿಜವಾಗಿಯೂ ಗಾಬರಿಯಾಗಿ. “ಪ್ರೋಗ್ರಾಂ ಕಟ್ಟೋವಾಗಲೇ ಸುದ್ದಿಯ ಎಳೆ ಬಟ್ಟೆಯೊಳಗೆ ಸೇರಿಬಿಡುತ್ತೆ. ಆಮೇಲೆ ನಾವು ಬರೆದ ಪುಟದಲ್ಲಿ ಹುಡುಕಿದ್ರೂ ಕಾಣಲ್ಲ, ಓಡೋವಾಗ ಮಾತ್ರ ಎದ್ದು ಬರುತ್ತೆ. ಹೊಸಬರು ಬಂದು ಓದಿದ್ರೆ ಭೂತ ಹೊಕ್ಕ ಮನೆ ಅಂತಾರೆ. ಒಂದೊಂದು ಸಲ ಕಟ್ಟೋದಕ್ಕೂ ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕು.”

“ಕಾಫಿ ಕುಡಿ. ಹೊಸಬರಿಗೆ ನಾನೇ ಕೂತು ಹೇಳಿಕೊಡ್ತೀನಿ.”

“ಒಂದು ಕೆಲಸ ಮಾಡೋಣ. ಈಗ್ಲೇ ನಾನು ಮುಂಬಾಗಿಲಿಂದ ಹೋಗಿ ಹಾಡು ಕೇಳ್ತೀನಿ. ಮುದುಕಿಗೆ ಫೋನು ಹೋಗುತ್ತೆ, ‘ನಿಮ್ಮ ದನಿ ಸ್ಫಾಕ್ಸಿನಲ್ಲಿದೆ’. ಖುಷಿಪಡ್ತಾಳೆ, ಅಳಿಸು ಅನ್ನಲ್ಲ. ನೀನೂ ಮನೆಗೆ ಹೋಗಿ ಮಲಗು.”

ಬಲು ಸುಲಭವಿತ್ತು ಅದು. “ಬೇಡ. ಅದು ಸುದ್ದಿ ಅಲ್ಲ, ಸಮಾಧಾನ. ನಾಳೆ ಬೆಳಿಗ್ಗೆ ಇಂದಿನ ಹಾಡಾಗಿ ಅದೇ ಬರಬೇಕು, ಕೇಳೋರು ತಾವಾಗಿ ಕೇಳಬೇಕು. ನೀನು ಮುಟ್ಟಬೇಡ.”

ಅವನು ಹೋದ ಮೇಲೆ ಅವಳು ನೇಯಲು ಕೂತಳು. ಎಲ್ಲೆಲ್ಲಿ ಹಾಡು ಹೊರಡುತ್ತದೋ ಅಲ್ಲೆಲ್ಲ ಎಳೆ ಹಾಯಬೇಕು, ಹೊರಗಿನಿಂದ ಕರೆದರೂ ಒಳಗಿನಿಂದ ಕರೆದರೂ. ಪರದೆ ಉಸಿರಾಡುತ್ತಲೇ ಇತ್ತು. ಪರದೆಯ ಮೇಲಿನ ಬಿಸಿಲು ಹಳದಿಯಾಯಿತು, ಆಮೇಲೆ ಕಿತ್ತಳೆಯಾಯಿತು. ನಡುನಡುವೆ ಅವಳಿಗೆ ತಾನು ಕಚೇರಿಯಲ್ಲಿದ್ದೇನೋ ಆ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ಕೂತವಳ ಬೆನ್ನ ಹಿಂದಿದ್ದೇನೋ ತಿಳಿಯುತ್ತಿರಲಿಲ್ಲ. ಹಾಡನ್ನು ಒಮ್ಮೆಯೂ ಹಾಕಿ ನೋಡಲಿಲ್ಲ. ಬೇರೆ ಸುಳ್ಳು ಹಾಡೊಂದನ್ನು ಇಟ್ಟು ಪರೀಕ್ಷಿಸಿದಳು, ಎಳೆ ಹಿಡಿಯಿತು. ದ್ವೀಪಕ್ಕೆ ಹೋಗುವ ಕೊನೆಯ ಹಡಗು ಹತ್ತಿದಾಗ ಸಮುದ್ರ ಎಣ್ಣೆ ಸುರಿದ ಹಾಗೆ ಮಲಗಿತ್ತು.

ಬೆಳಿಗ್ಗೆ ಶಾದ್ಲಿಯಾ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ವರ್ಷಕ್ಕಾಗುವಷ್ಟು ಗೋಧಿ ರವೆಯ ಕುಸ್ಕುಸ್ ಕಾಳು ಹೊಸೆದು ಒಣಗಿಸಲು ಕೂತಿದ್ದಳು. ಫೋನು ಪಕ್ಕದ ಮಣೆಯ ಮೇಲಿತ್ತು. ದುರ್ರಾ ಕೂಡ ಕೈ ತೊಳೆದು ಜರಡಿ ಹಿಡಿದಳು.

“ಜನ ಕೇಳ್ತಿದ್ರು ಖಾಲ್ತಿ. ಒಳಗಿಂದ ಒಂದು ದಾರಿ ಇತ್ತು, ಅಲ್ಲಿಂದ ಹೋಗ್ತಿತ್ತು ಹಾಡು. ಬಾಗಿಲಲ್ಲಿ ನಿಂತೋನಿಗೆ ಕಾಣ್ತಿರಲಿಲ್ಲ.”

“ಹೂಂ. ಸಮಾಧಾನ ಹೇಳೋಕೆ ಹಡಗು ಹತ್ತಿ ಬಂದೆ.”

“ಸ್ವಲ್ಪ ಕಾಯಿರಿ. ಆಗಲೂ ಫೋನು ಬರದಿದ್ರೆ ನಿಮ್ಮ ಎದುರಿಗೇ ಅಳಿಸ್ತೀನಿ.”

ಇಂದಿನ ಹಾಡು ಶುರುವಾಗುವ ಹೊತ್ತು ಬಂತು, ಕಳೆಯಿತು. ಫೋನು ಸುಮ್ಮನಿತ್ತು. ದುರ್ರಾಳ ಬೆರಳುಗಳಲ್ಲಿ ಹಿಟ್ಟು ಒಣಗಿ ಬಿರಿಯಿತು. ಗೋಡೆಯ ಮೇಲೆ ಜಾಜಿಯಾಳ ತಲೆ ಮೂಡಿತು. “ಏನು, ಅತಿಥಿ ಬಂದಿದಾರೆ! ಹಾಡು ಹಡಗು ಹತ್ತಿತಾ ಶಾದ್ಲಿಯಾ?”

“ನಿನ್ನ ತಲೆ ಕೆಳಗಿಳಿಸು, ಕುಸ್ಕುಸ್ ಮೇಲೆ ನೆರಳು ಬೀಳ್ತಿದೆ” ಎಂದಳು ಶಾದ್ಲಿಯಾ. ಆಮೇಲೆ ದುರ್ರಾಗೆ ಮಾತ್ರ ಕೇಳುವಂತೆ, “ಸಾಕು ಬಿಂತಿ. ಅಳಿಸು” ಎಂದಳು.

ದುರ್ರಾ ತನ್ನ ಫೋನು ತೆಗೆಯಲು ಕೈ ಒರೆಸಿಕೊಳ್ಳುತ್ತಿದ್ದಾಗ ಮಣೆಯ ಮೇಲಿನದು ರಿಂಗಾಯಿತು. ಶಾದ್ಲಿಯಾ ಹಿಟ್ಟಿನ ಕೈಯಲ್ಲೇ ಒತ್ತಿದಳು.

“ನಿಮ್ಮ ದನಿ ಈಗ ಮಾರ್ಸೇ ಪಟ್ಟಣದಲ್ಲಿದೆ.”

ಮುದುಕಿ ಅಲುಗಾಡಲಿಲ್ಲ. ಮತ್ತೆ ರಿಂಗಾಯಿತು. ಜಿನೋವಾ. ಮತ್ತೆ. ಗಾಬೆಸ್. ಲಿಯೋನ್. ಮತ್ತೆ ಲಿಯೋನ್. ಸ್ಫಾಕ್ಸ್. ಹೆಸರೇ ಕೇಳಿರದ ಒಂದು ಚಳಿಯ ಊರು. ಪ್ರತಿ ಊರಿಗೂ ಶಾದ್ಲಿಯಾ ತಲೆಯನ್ನು ಸ್ವಲ್ಪ ಆ ದಿಕ್ಕಿಗೆ ತಿರುಗಿಸುತ್ತಿದ್ದಳು, ಅಂಗಳದ ಗೋಡೆಗಳೆಲ್ಲ ಕರಗಿ ಅಲ್ಲೆಲ್ಲ ಕಿಟಕಿಗಳು ತೆರೆದ ಹಾಗೆ. ಗೋಡೆಯ ಮೇಲಿನ ತಲೆ ಬಾಯಿ ತೆರೆದುಕೊಂಡೇ ನಿಂತಿತ್ತು. ಬಿಸಿಲು ಏರಿತು. ಕುಸ್ಕುಸ್ ಮಗುಚುವುದನ್ನು ಯಾರೂ ನೆನೆಯಲಿಲ್ಲ.

ಕೊನೆಗೆ ಶಾದ್ಲಿಯಾ, “ಅಳಿಸಬೇಡ. ಇರಲಿ” ಎಂದಳು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, “ಇಷ್ಟು ದಿನ ಒಳದಾರಿಯಿಂದ ಕೇಳಿದ್ರು ಅಂದೆಯಲ್ಲ, ಅವರೆಲ್ಲ ಎಲ್ಲೆಲ್ಲಿಯವರು?”

“ಅದು ಗೊತ್ತಾಗಲ್ಲ ಖಾಲ್ತಿ. ಎಲ್ಲೂ ಬರೆದಿಟ್ಟಿಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ.”

ಶಾದ್ಲಿಯಾ ಹೂಂ ಎಂದಳು. ಸಿಟ್ಟು ಮಾಡಲಿಲ್ಲ. ಫೋನು ಮತ್ತೆ ರಿಂಗಾದಾಗ ಕೈ ಚಾಚಿ ಒತ್ತಿದಳು.

ಯಾರು ಕೇಳಿದರೂ ಸುದ್ದಿ ಮುಟ್ಟಿಸುತ್ತೇನೆಂದು ದುರ್ರಾ ಮಾತು ಕೊಟ್ಟಿದ್ದಳು. ಚಳಿಗಾಲದಿಂದ ಅಂದಿನವರೆಗೆ ಕೇಳಿದವರ ಸುದ್ದಿ ಮುಟ್ಟಲಿಲ್ಲ. ಮಾತು ಮುರಿದಿತ್ತು.