ಭಾವನ ಪಾಲಿನ ಬ್ರೇಕು

ರಾಯದುರ್ಗದಲ್ಲಿ ಕಾರಿನ ವಿಷಯ ಗೊತ್ತಿಲ್ಲದ ಗಂಡಸು ಇನ್ನೂ ಹುಟ್ಟಿಲ್ಲ. ಕಾರು ಇಲ್ಲದವರಿಗೆ ಇನ್ನೂ ಹೆಚ್ಚು ಗೊತ್ತು. ಸುಮಾ ತನ್ನ ಹಳೇ ಕಾರನ್ನು ಮೆಕ್ಯಾನಿಕ್ ಪಾಲಯ್ಯನ ಶೆಡ್ಡಿನಲ್ಲಿ ಬಿಟ್ಟು, ಎರಡು ಸೀಟಿನ ನಡುವೆ ಇರುವ ಹ್ಯಾಂಡ್ ಬ್ರೇಕಿನ ಲಿವರನ್ನು ಕಿತ್ತು ಬಲಗಡೆ, ಬಾಗಿಲ ಪಕ್ಕದಲ್ಲಿ ಕೂರಿಸಬೇಕು ಅಂದ ದಿನ ಆ ಜ್ಞಾನವೆಲ್ಲ ಹೊರಗೆ ಬಂತು. ಪಂಚರ್ ಹಾಕಿಸಲು ಬಂದವರು, ಚಹಾಕ್ಕೆ ಬಂದವರು, ಸುಮ್ಮನೆ ಬಂದವರು, ಎಲ್ಲರೂ ಬಗ್ಗಿ ನೋಡಿ ತಲೆ ಅಲ್ಲಾಡಿಸಿ ಹೋದರು.

ಅವಳಿಗೆ ಬೇಕಿದ್ದುದು ಇಷ್ಟೇ. ಚಿಕ್ಕಂದಿನ ಜ್ವರದಲ್ಲಿ ಎಡಗೈಯ ಬಲ ಹೋಗಿತ್ತು. ತಟ್ಟೆ ಹಿಡಿಯುವಷ್ಟು, ಗೇರಿನ ಹಿಡಿಯನ್ನು ನೂಕುವಷ್ಟು ಶಕ್ತಿ ಉಳಿದಿತ್ತು. ಬ್ರೇಕು ಎಳೆಯುವಷ್ಟು ಇರಲಿಲ್ಲ. ಗೇರು ತಾನಾಗಿಯೇ ಬದಲಾಗುವ ಹಳೇ ಕಾರು ಹುಡುಕಿ ತಂದಿದ್ದಳು. ಪಾಲಯ್ಯ ಹಿಂದಿನ ಸೀಟು ಕಿತ್ತು ಜೀನ್ಸ್ ಬಟ್ಟೆಯ ಬಂಡಲ್ಲುಗಳಿಗೆ ಜಾಗ ಮಾಡಿದ್ದ, ಒಂದೇ ಕೈಯಲ್ಲಿ ತಿರುಗಿಸಲು ಸ್ಟೇರಿಂಗಿಗೆ ಹಿಡಿ ಹಾಕಿದ್ದ. ಉಳಿದದ್ದು ಲಿವರ್ ಒಂದೇ.

ರಾಯದುರ್ಗದಲ್ಲಿ ಕತ್ತರಿಸಿದ ಪ್ಯಾಂಟಿನ ಬಟ್ಟೆಯನ್ನು ಮಡಕಶಿರಾಕ್ಕೆ ಒಯ್ದು, ಅಲ್ಲಿ ಕೃಷ್ಣವೇಣಿಯ ಮನೆಯಲ್ಲಿ ಹೊಲಿಯುವ ಹನ್ನೆರಡು ಹೆಂಗಸರಿಗೆ ಕೊಟ್ಟು, ಹೊಲಿದದ್ದನ್ನು ತರುವುದು ಸುಮಾಳ ಕೆಲಸ. ಬಟ್ಟೆ ಹೋಗುತ್ತಿದ್ದುದು ಗಂಡನ ಅಣ್ಣ ವಾಗೀಶನ ವ್ಯಾನಿನಲ್ಲಿ, ಅವನಿಗೆ ಬಿಡುವಾದಾಗ. ಅವನಿಗೆ ಬಿಡುವಾಗುತ್ತಿದ್ದುದು ಅವನಿಗೆ ಮನಸ್ಸಾದಾಗ. ಹೋದ ತಿಂಗಳು ಹದಿನೈದು ದಿನ ಮಡಕಶಿರಾದ ಮಿಷಿನ್‌ಗಳು ಸುಮ್ಮನೆ ಕೂತಿದ್ದವು. ಇನ್ನೊಮ್ಮೆ ತಡವಾದರೆ ಆ ಕೆಲಸ ಬೇರೆಯವರ ಪಾಲು ಎಂದು ಕಾರ್ಖಾನೆಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಗಂಡ ಈಶ್ವರ್ ಒಳ್ಳೆಯವನು. ಕೊನೆಗೆ ಮಾತಾಡಿದವರ ಮಾತು ಅವನಿಗೆ ಸರಿ ಕಾಣುತ್ತಿತ್ತು. ಆ ಮನೆಯಲ್ಲಿ ಕೊನೆಗೆ ಮಾತಾಡುವವನು ಯಾವಾಗಲೂ ವಾಗೀಶ.

ವಾಗೀಶ ಶೆಡ್ಡಿಗೂ ಬಂದ. ಬಲಗಡೆಯ ಜಾಗ ನೋಡಿ ಹುಬ್ಬು ಗಂಟಿಕ್ಕಿದ.

"ಏನಿದು ಪಾಲಯ್ಯ? ಹೆಣ್ಮಗಳು ದಾರ್ಯಾಗ ಗಾಬ್ರಿ ಆದ್ಲು ಅಂತ ಇಟ್ಕೋ. ಪಕ್ಕದಾಗ ಕುಂತವ್ರು ಹಿಡಿಯಾಕ ಬ್ರೇಕ್ ಎಲ್ಲೈತಿ?"

"ಪಕ್ಕದಾಗ ಯಾರೂ ಕುಂದ್ರಂಗಿಲ್ರಿ ಭಾವ. ನಾನೊಬ್ಬಾಕೀನ ಹೋಗ್ತೀನಿ," ಅಂದಳು ಸುಮಾ.

"ನಮ್ಮ ಮನ್ಯಾಗ ಹಂಗ ನಡೆಯಂಗಿಲ್ಲ. ನಡುವ ಬ್ರೇಕ್ ಇದ್ರ ಕಾರು ಹೊರಡ್ತೈತಿ. ಇಲ್ಲಾಂದ್ರ ಇಲ್ಲ."

ಆ ಸಂಜೆ ಈಶ್ವರ್ ಕೂಡ ಅದನ್ನೇ ಹೇಳಿದ, ಸ್ವಲ್ಪ ಮೆತ್ತಗೆ.

ಸುಮಾಳಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಎದ್ದು ಪಾಲಯ್ಯನಿಗೆ, ನೀ ನಿನ್ನ ಕೆಲಸ ಮಾಡು, ಮನೆಯದು ನಾನು ನೋಡಿಕೊಳ್ಳುತ್ತೇನೆ ಅಂದಳು.

ಪಾಲಯ್ಯ ಮಾಡಿದ. ಮೊದಲ ಸಲ ಲಿವರನ್ನು ನೇರವಾಗಿ ತಳದ ತಗಡಿಗೇ ಬಿಗಿದ. ಸುಮಾ ಜೋರಾಗಿ ಎಳೆದಾಗ ಚಕ್ರ ಹಿಡಿಯಲಿಲ್ಲ, ತಗಡೇ ಹಪ್ಪಳದ ಹಾಗೆ ಉಬ್ಬಿ ಮೇಲೆ ಬಂತು. ಆಮೇಲೆ ತಳಕ್ಕೆ ದಪ್ಪ ಪಟ್ಟಿ ಬೆಸೆದು, ಉದ್ದದ ಕೇಬಲ್ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಸಮನಾಗಿ ಎಳೆತ ಬರುವಂತೆ ಮೂರು ದಿನ ಕಾರಿನ ಕೆಳಗೇ ಮಲಗಿದ. ನಾಲ್ಕನೆಯ ದಿನ ಕೋಟೆ ಕಡೆಯ ಏರಿನಲ್ಲಿ ನಿಲ್ಲಿಸಿ ಬಲಗೈಯಲ್ಲಿ ಎಳೆದಳು. ಕಾರು ಕಚ್ಚಿ ನಿಂತಿತು. ಅವಳು ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡಳು.

ಬದಲಾವಣೆಯನ್ನು ದಾಖಲೆಗೆ ಸೇರಿಸಲು ವಾಹನ ಇನ್ಸ್‌ಪೆಕ್ಟರ್ ನೋಡಬೇಕು. ನೋಡಿದರು. ಅನ್ಯಾಯ ಹೇಳಬಾರದು, ಅವರೇ ಕೂತು ಲಿವರ್ ಎಳೆದು, ಇಬ್ಬರಿಂದ ಕಾರು ನೂಕಿಸಿ, ಭೇಷ್ ಅಂದರು. ಆಮೇಲೆ ಮೊಬೈಲು ತೆಗೆದರು. ಅದರಲ್ಲಿ ಇಲಾಖೆಯ ಹೊಸ ಆಪ್ ಇತ್ತು. ಬ್ರೇಕಿನ ಫೋಟೋ ಎಡಸೀಟು, ಬಲಸೀಟು ಮತ್ತು ನಡುವಿನ ಲಿವರ್ ಮೂರೂ ಕಾಣುವಂತೆ ಇರಬೇಕು. ಎರಡು ಸೀಟಿನ ನಡುವೆ ಲಿವರ್ ಇಲ್ಲದ ಫೋಟೋವನ್ನು ಆಪ್ ನಾಲ್ಕು ಸಲ ಉಗುಳಿತು.

"ಬ್ರೇಕ್ ಲೇದಂಟುಂದಮ್ಮಾ, ಬ್ರೇಕೇ ಇಲ್ಲ ಅಂತಿದೆ ಇದು," ಅಂದರು ಇನ್ಸ್‌ಪೆಕ್ಟರ್, ತಾವೇ ಈಗ ತಾನೆ ಎಳೆದ ಬ್ರೇಕನ್ನು ನೋಡುತ್ತ.

"ಇಲ್ಲೇ ಐತಲ್ರಿ ಸಾರ್!"

"ನನಗೆ ಗೊತ್ತು. ಅದಕ್ಕೆ ಗೊತ್ತಿಲ್ಲ. ನಡುವೆ ಏದೋ ಒಕಟಿ, ಏನೋ ಒಂದು ಕಾಣ್ಲಿ. ಗುರುವಾರ ಬನ್ನಿ."

ಪಾಲಯ್ಯ ಮೂಲೆಯ ಗುಜರಿಯಿಂದ ಮುರಿದ ಜೀಪಿನದೊಂದು ಲಿವರ್ ಎತ್ತಿ, ಕಪ್ಪು ಬಣ್ಣ ಬಳಿದು, ಎರಡು ಸೀಟಿನ ನಡುವೆ ಎರಡು ಬೋಲ್ಟಿನಲ್ಲಿ ನಿಲ್ಲಿಸಿದ. ಎಳೆದರೆ ಕರ್‌ರ್ ಅಂತ ಗತ್ತಿನಿಂದ ಏರುತ್ತಿತ್ತು, ಗುಂಡಿ ಒತ್ತಿದರೆ ಇಳಿಯುತ್ತಿತ್ತು. ಯಾವ ಕೇಬಲ್ಲಿಗೂ, ಯಾವ ಚಕ್ರಕ್ಕೂ ಅದಕ್ಕೆ ಸಂಬಂಧವಿರಲಿಲ್ಲ. ಗುರುವಾರ ಆಪ್ ಹಸಿರು ಬಣ್ಣ ತೋರಿಸಿತು. ಕಾರಿಗೆ ಬ್ರೇಕು ಇದೆ ಎಂದು ಸರ್ಕಾರ ಒಪ್ಪಿತು.

"ಇನ್ನ ಇದನ್ನ ಬಿಚ್ಚಿಬಿಡ್ಲೇನಮ್ಮ?" ಎಂದು ಪಾಲಯ್ಯ ಸ್ಪಾನರ್ ಹಿಡಿದುಕೊಂಡ.

ಅಷ್ಟರಲ್ಲಿ ವಾಗೀಶ ಬಂದ. ಬಗ್ಗಿದ. ಎರಡು ಸೀಟಿನ ನಡುವೆ ಕಪ್ಪಗೆ ಹೊಳೆಯುವ ಲಿವರ್ ಕಂಡು ಅವನ ಮುಖ ಅರಳಿತು.

"ನೋಡಿದ್ಯಾ? ನಾ ಹೇಳಿದ್ದು ಕಡೀಗೆ ತಲ್ಯಾಗ ಹೋತು. ಬಲಗಡೀದು ಆಕೀಗೆ, ನಡುವಿಂದು ನನಗ. ಇಬ್ರಿಗೂ ಒಂದೊಂದು. ಸೋಮವಾರ ಹೊರಡೂಣು."

ಪಾಲಯ್ಯ ಸುಮಾಳ ಮುಖ ನೋಡಿದ. ಸುಮಾ ಸ್ಪಾನರ್ ನೋಡಿದಳು. ನಿಜ ಹೇಳಿದರೆ ಸೋಮವಾರ ಬಟ್ಟೆ ಹೋಗುವುದಿಲ್ಲ. ಸೋಮವಾರ ಹೋಗದಿದ್ದರೆ ಮಡಕಶಿರಾದ ಕೆಲಸವೇ ಇಲ್ಲ.

"ಇರ್ಲಿ ಬಿಡು ಪಾಲಯ್ಯ," ಅಂದಳು. "ಭಾವಾರಿಗೆ ಬೇಕಾಗ್ತೈತಿ."

ಸೋಮವಾರ ಬೆಳಿಗ್ಗೆ ಹೊರಟರು. ವಾಗೀಶ ಎಡಸೀಟಿನಲ್ಲಿ, ಬಲಗೈ ಲಿವರಿನ ಮೇಲೆ. ಮೊದಲ ಹಂಪು ಬಂದಾಗ ಅವನು ಕರ್‌ರ್ ಎಂದು ಎಳೆದ. ಸುಮಾ ಕಾಲಿನಲ್ಲಿ ಬ್ರೇಕು ಒತ್ತಿದಳು. ಕಾರು ನಿಧಾನವಾಯಿತು. ವಾಗೀಶ ತೃಪ್ತಿಯಿಂದ ಗುಂಡಿ ಒತ್ತಿ ಇಳಿಸಿದ. ಕುರಿ ಹಿಂಡು ಅಡ್ಡ ಬಂತು, ಅವನು ಎಳೆದ, ಇವಳು ಒತ್ತಿದಳು. ಲಾರಿ ಬಂತು, ಮತ್ತೆ ಅದೇ.

"ನಾ ಇರ್ಲಿಲ್ಲಾಂದ್ರ ಏನಾಗ್ತಿತ್ತು!" ಅಂದ.

"ಹೌದ್ರಿ ಭಾವ."

ಇಷ್ಟು ಹೇಳಲು ಅವಳಿಗೆ ಕಷ್ಟವಾಗಲಿಲ್ಲ. ಕೈ ಸ್ಟೇರಿಂಗಿನ ಮೇಲಿತ್ತು, ರಸ್ತೆ ಅವಳದಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಭಾವನ ಮಾತು ಕೇಳಿ ಅವಳಿಗೆ ನಗು ಬಂತು.

ಕಲ್ಯಾಣದುರ್ಗದಲ್ಲಿ ವಾಗೀಶ ನಾಲ್ಕು ಇಡ್ಲಿ, ಎರಡು ವಡೆ ತಿಂದ. ಊರು ದಾಟಿದ ಮೇಲೆ ಒಂದು ಎಮ್ಮೆಗಾಗಿ ಲಿವರನ್ನು ಪೂರ್ತಿ ಮೇಲಕ್ಕೆ ಎಳೆದ. ಎಮ್ಮೆ ಹೋಯಿತು. ಲಿವರ್ ಇಳಿಸುವ ಮೊದಲೇ ಅವನಿಗೆ ಜೊಂಪು ಹತ್ತಿತು. ಬಾಯಿ ತೆರೆದು, ಕೈ ಲಿವರಿನ ಮೇಲೆಯೇ ಇಟ್ಟು ಗೊರಕೆ ಹೊಡೆಯತೊಡಗಿದ.

ಲಿವರ್ ಎತ್ತಿದಂತೆಯೇ ಇತ್ತು. ಕಾರು ಅರವತ್ತರಲ್ಲಿ ಓಡುತ್ತಿತ್ತು.

ಸುಮಾ ಓರೆಗಣ್ಣಿನಲ್ಲಿ ಲಿವರ್ ನೋಡಿದಳು. ಎಚ್ಚರವಾದರೆ ಅವನಿಗೆ ತಿಳಿದುಹೋಗುತ್ತದೆ. ಕೈ ಚಾಚಿ ಇಳಿಸೋಣವೆಂದರೆ ಅದಿರುವುದು ಎಡಗಡೆ, ಬಲವಿಲ್ಲದ ಕೈಯ ಕಡೆ. ನಿಲ್ಲಿಸಿ ಬಲಗೈಯಲ್ಲಿ ಇಳಿಸೋಣವೆಂದರೆ ನಿಂತ ಕ್ಷಣ ಅವನಿಗೆ ಎಚ್ಚರವಾಗುತ್ತದೆ. ಅವಳು ಹಂಪುಗಳ ಮೇಲೆ ಕಾರನ್ನು ಮಗು ಮಲಗಿದ ತೊಟ್ಟಿಲಿನ ಹಾಗೆ ದಾಟಿಸಿದಳು. ಭಾವ ಚೆನ್ನಾಗಿ ನಿದ್ದೆ ಮಾಡಲಿ ಎಂದು ಅವಳು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.

ಮಡಕಶಿರಾ ಎರಡು ಮೈಲಿ ಇದೆ ಎನ್ನುವಾಗ ಎದುರಿನ ಬಸ್ಸು ಹಾರ್ನ್ ಹೊಡೆಯಿತು. ವಾಗೀಶ ಕಣ್ಣು ಬಿಟ್ಟ. ಕೈ ನೋಡಿಕೊಂಡ. ಕೈಯೊಳಗಿನ ಲಿವರ್ ನೋಡಿದ, ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಹೊರಗೆ ನೋಡಿದ, ಮರಗಳು ಸರಸರನೆ ಹಿಂದೆ ಹೋಗುತ್ತಿದ್ದವು. ಲಿವರನ್ನು ಮೆಲ್ಲಗೆ ಇಳಿಸಿದ. ಕಾರಿನ ಓಟ ಕೂದಲಷ್ಟೂ ಬದಲಾಗಲಿಲ್ಲ. ಮತ್ತೆ ಎಳೆದ. ಆಗಲೂ ಬದಲಾಗಲಿಲ್ಲ.

ಸುಮಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಈಗ ಕಿರುಚುತ್ತಾನೆ, ಕಾರು ನಿಲ್ಲಿಸು ಅನ್ನುತ್ತಾನೆ, ನಾಳೆಯಿಂದ ಮತ್ತೆ ಅವನ ವ್ಯಾನು, ಅವನ ಬಿಡುವು. ಆದರೆ ವಾಗೀಶ ಕಿಟಕಿಯ ಕಡೆ ತಿರುಗಿ ಕೂತ. ಅವನ ಕಿವಿ ಕೆಂಪಾಗಿತ್ತು.

ಕೃಷ್ಣವೇಣಿಯ ಮನೆ ಬೆಟ್ಟದ ಬುಡದ ಇಳಿಜಾರು ಬೀದಿಯಲ್ಲಿ. ಕಾರಿನ ಸದ್ದಿಗೆ ಹನ್ನೆರಡು ಹೆಂಗಸರೂ ಹೊರಗೆ ಬಂದರು. ಸುಮಾ ನಿಲ್ಲಿಸಿ, ಬಾಗಿಲ ಪಕ್ಕದ ಲಿವರನ್ನು ಬಲಗೈಯಲ್ಲಿ ಸದ್ದಿಲ್ಲದೆ ಎಳೆದಳು.

"ಅಯ್ ಸುಮಕ್ಕ, ನೀವೇ ಓಡಿಸ್ಕಂಡ್ ಬಂದ್ರಾ! ಇಳಿಜಾರೈತೆ, ಉರುಳ್ಕಂಡ್ ಹೋದಾತು!" ಎಂದು ಕೃಷ್ಣವೇಣಿ ಕೂಗಿದಳು.

ಎಲ್ಲರೂ ಕಾರಿನೊಳಕ್ಕೆ ನೋಡಿದರು. ವಾಗೀಶ ಒಮ್ಮೆ ಸುಮಾಳ ಕಡೆ ನೋಡಿದ. ಹನ್ನೆರಡು ಹೆಂಗಸರ ಎದುರು ಅವನು ಕೆಮ್ಮಿ, ಎದೆ ಮುಂದೆ ಮಾಡಿ, ನಡುವಿನ ಲಿವರನ್ನು ಕರ್‌ರ್ ಎಂದು ಕೊನೆಯ ಹಲ್ಲಿನವರೆಗೂ ಎಳೆದ.

"ಏನೂ ಆಗಂಗಿಲ್ಲ, ಬಂಡಲ್ ಇಳಿಸ್ರಿ," ಅಂದ. "ನಾ ಬ್ರೇಕ್ ಹಾಕೀನಿ."